ಚರ್ಚು ಎಲ್ಲಿ ಹೋಯಿತು? ಇಂಗ್ಲೆಂಡಿನ ಮಠದ ಬಂಗಲೆಗಳಲ್ಲಿ ಯಾವುದಕ್ಕೆ ಹೋಗಬೇಕು

ಅಪ್ಪ-ಅಮ್ಮ ಮೊದಲ ಸಲ ಇಂಗ್ಲೆಂಡಿಗೆ ಬಂದಾಗ ಅವರನ್ನು ಲೇಕಾಕ್ ಅಬ್ಬೆಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ಕಂಬದ ಸಾಲು, ಗೋಪುರ, ಹುಲ್ಲುಹಾಸು ಎಲ್ಲ ಸಮಾಧಾನವಾಗಿ ನೋಡಿದರು. ಅರ್ಧ ದಿನ ಕಳೆದ ಮೇಲೆ ಮೆಲ್ಲಗೆ ಕೇಳಿದರು: "ಅಬ್ಬಿ ಅಂದ್ಯಲ್ಲಮ್ಮ, ನೀರೆಲ್ಲಿ?"

ಅವರ ತಪ್ಪೇನಿಲ್ಲ. ಮಡಿಕೇರಿ ಹತ್ತಿರದ ಅಬ್ಬಿ ಜಲಪಾತದ ಬೋರ್ಡಿನಲ್ಲೂ ಇಂಗ್ಲಿಷಿನ ಅವೇ ಅಕ್ಷರಗಳಿರುತ್ತವೆ. ಕೊಡಗಿನ ಅಬ್ಬಿ ಎಂದರೆ ನೀರು ಬೀಳುವ ಜಾಗ, ಇಲ್ಲಿಯ ಅಬ್ಬೆ ಎಂದರೆ ಕ್ರೈಸ್ತ ಸನ್ಯಾಸಿಗಳ ಮಠ. ಆದರೆ ಅಂಥ ಎಷ್ಟೋ ಮಠಗಳಲ್ಲಿ ಐನೂರು ವರ್ಷದಿಂದ ಸನ್ಯಾಸಿಗಳೇ ಇಲ್ಲ. ಎಂಟನೇ ಹೆನ್ರಿ 1536ರಿಂದ 1540ರೊಳಗೆ ಸುಮಾರು 800 ಮಠಗಳನ್ನು ಮುಚ್ಚಿಸಿದ. ಜಮೀನು ಅರಮನೆಯ ಪಾಲಾಯಿತು, ಚಾವಣಿಯ ಸೀಸ ಕರಗಿಸಿ ಮಾರಿದರು, ಗಂಟೆಗಳನ್ನು ಇಳಿಸಿದರು. ಉಳಿದ ಗೋಡೆಗಳು ಆಸ್ಥಾನಕ್ಕೆ ಹತ್ತಿರವಿದ್ದವರ, ಕೈಯಲ್ಲಿ ಕಾಸಿದ್ದವರ ಕೈಸೇರಿದವು. ಅವರು ಅಲ್ಲೇ ಸಂಸಾರ ಹೂಡಿದರು. ಹೆಸರು ಮಾತ್ರ ಅಬ್ಬೆ ಎಂದೇ ಉಳಿಯಿತು.

ಇಂಥ ಬಂಗಲೆಗಳು ಇಂಗ್ಲೆಂಡಿನಲ್ಲಿ ಬೇಕಾದಷ್ಟಿವೆ. ರಜೆಗೆ ಬರುವ ನೆಂಟರು, ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಒಂದೇ ದಿನ ಇದೆ, ಯಾವುದಕ್ಕೆ ಹೋಗೋಣ?" ನಾನು ಮತ್ತೆ ಮತ್ತೆ ಹೋಗಿ ಬಂದ ನಾಲ್ಕನ್ನು, ಜೊತೆಗೆ ಚಳಿಗಾಲಕ್ಕೆಂದೇ ಇಟ್ಟುಕೊಂಡಿರುವ ಇನ್ನೊಂದನ್ನು ಇಲ್ಲಿ ತೂಗಿ ನೋಡುತ್ತೇನೆ.

ತೂಗುವುದು ಹೇಗೆ? ಹೆಚ್ಚಿನವರು ದೂರ ನೋಡುತ್ತಾರೆ, ಇಲ್ಲವೇ ಯಾವ ಸಿನಿಮಾ ಶೂಟಿಂಗ್ ಆಗಿದೆ ಎಂದು ನೋಡುತ್ತಾರೆ. ನನ್ನ ಪ್ರಶ್ನೆ ಬೇರೆ: ಅಲ್ಲಿಯ ಚರ್ಚು ಏನಾಯಿತು? ಮಠ ಕೊಂಡವನಿಗೆ ಊಟದ ಮನೆ, ಮಲಗುವ ಅಟ್ಟ, ಉಗ್ರಾಣಗಳನ್ನು ವಾಸಕ್ಕೆ ಒಗ್ಗಿಸಿಕೊಳ್ಳುವುದು ಕಷ್ಟವಲ್ಲ. ತಲೆನೋವೆಲ್ಲ ಆ ಎತ್ತರದ ಚರ್ಚಿನದು. ಒಬ್ಬ ಅದನ್ನು ನೆಲಸಮ ಮಾಡಿದ. ಇನ್ನೊಬ್ಬ ಅದರೊಳಗೇ ಹೊಕ್ಕು ಮನೆ ಕಟ್ಟಿಕೊಂಡ. ಮತ್ತೊಂದು ಕಡೆ ಮುಂಗೋಡೆ ಮಾತ್ರ ಆಕಾಶಕ್ಕೆ ತೆರೆದು ನಿಂತಿತು. ಆಗ ಮಾಡಿದ ಆ ಒಂದು ತೀರ್ಮಾನದಿಂದಲೇ ಇವತ್ತು ನಿಮಗೆ ಅಲ್ಲಿ ಮಠ ಕಾಣುತ್ತದೋ, ಮನೆ ಕಾಣುತ್ತದೋ, ಹಾಳು ಕಾಣುತ್ತದೋ ಎಂಬುದು ಗೊತ್ತಾಗುತ್ತದೆ. ತೋಟದ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಸುಲಭ, ಅಲ್ಲಿ ತಿಂಗಳೇ ಎಲ್ಲ.

ಲೇಕಾಕ್: ಮಠ ನೋಡಬೇಕು ಅನ್ನುವವರಿಗೆ

ವಿಲ್ಟ್‌ಶೈರ್‌ನ ಲೇಕಾಕ್ ಹೆಂಗಸರ ಮಠ. ಸಾಲ್ಸ್‌ಬರಿಯ ಕೌಂಟೆಸ್ ಈಲಾ, ಗಂಡ ತೀರಿದ ಮೇಲೆ 1232ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿಸಿದಳು. ಮುಂದೆ ತಾನೇ ಸನ್ಯಾಸ ತೆಗೆದುಕೊಂಡು ಇಲ್ಲಿಯ ಮೊದಲ ಮುಖ್ಯಸ್ಥೆಯಾದಳು. 1539ರಲ್ಲಿ ಮಠ ಮುಚ್ಚಿತು. ಕೊಂಡವನು ವಿಲಿಯಂ ಶಾರಿಂಗ್ಟನ್. ಬ್ರಿಸ್ಟಲ್‌ನ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದು, ನಾಣ್ಯದ ಹಗರಣದಲ್ಲಿ ಸಿಕ್ಕಿಬಿದ್ದು, ತಲೆಯನ್ನೂ ಉಳಿಸಿಕೊಂಡು ಕೊನೆಗೆ ಆಸ್ತಿಯನ್ನೂ ವಾಪಸ್ ಗಿಟ್ಟಿಸಿಕೊಂಡ ಘಾಟಿ ಆಸಾಮಿ.

ಶಾರಿಂಗ್ಟನ್ ಚರ್ಚನ್ನು ಕೆಡವಿಸಿದ. ಆದರೆ ಅದರ ಪಕ್ಕದ ಅಂಗಳದ ತಂಟೆಗೆ ಹೋಗಲಿಲ್ಲ, ಲೇಕಾಕ್‌ನ ಭಾಗ್ಯ ಅದೇ. ನಡುವೆ ಬಯಲು, ಸುತ್ತ ಕಲ್ಲಿನ ಕಮಾನು ಚಾವಣಿಯ ಮೊಗಸಾಲೆ. ಅಮ್ಮ ಒಂದು ಸುತ್ತು ಹಾಕಿ "ಕಲ್ಲಿನ ತೊಟ್ಟಿಮನೆ" ಎಂದರು, ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಯಾವ ಫಲಕದಲ್ಲೂ ಸಿಕ್ಕಿಲ್ಲ. ಶಾರಿಂಗ್ಟನ್ ಮತ್ತು ಅವನ ನಂತರದವರು ಮೇಲಂತಸ್ತಿನಲ್ಲಿ ಬದುಕಿದರು. ಹಾಗಾಗಿ ಕೆಳಗಿನ ಕೋಣೆಗಳು ಹೆಚ್ಚು ಕಮ್ಮಿ ಸನ್ಯಾಸಿನಿಯರು ಬಿಟ್ಟುಹೋದ ಹಾಗೇ ಉಳಿದವು. ಮೊಗಸಾಲೆಯಲ್ಲಿ ನಡೆಯುವಾಗ ಒಮ್ಮೆ ಕತ್ತೆತ್ತಿ: ಕಮಾನಿನ ಏಣುಗಳು ಕೂಡುವ ಕಡೆಯೆಲ್ಲ ಹೂವು, ಪ್ರಾಣಿ, ಮುಖಗಳ ಕೆತ್ತನೆ ಇದೆ. ಬೇಲೂರಿನ ಗುಡಿಯ ಚಾವಣಿಯ ಭುವನೇಶ್ವರಿ ಕೆತ್ತನೆ ನೋಡಿದ ಕಣ್ಣಿಗೆ ಇದು ಸರಳ ಕೆಲಸವೇ. ಆದರೆ ಆ ಬೂದು ಬೆಳಕಿನಲ್ಲಿ ಬೇರೆಯೇ ಸೊಗಸು.

ಪೂರ್ವದ ಸಾಲಿನಲ್ಲಿ ಬೆಂಕಿ ಕಾಯಿಸುವ ಕೋಣೆ ಇದೆ. ಮಠದಲ್ಲಿ ಮೈ ಬೆಚ್ಚಗೆ ಮಾಡಿಕೊಳ್ಳಲು ಬೆಂಕಿ ಹಾಕುತ್ತಿದ್ದ ಜಾಗ. ಅಲ್ಲಿ 1500ರಲ್ಲಿ ಎರಕ ಹೊಯ್ದ ಒಂದು ದೊಡ್ಡ ಕೊಪ್ಪರಿಗೆ ಕೂತಿದೆ. ಅಪ್ಪ ಅದರ ಸುತ್ತ ಎರಡು ಸಲ ನಡೆದರು. ಅಮ್ಮ ಒಳಗೆ ಬಗ್ಗಿ ನೋಡಿ "ಊರ ಹಬ್ಬದ ಸಾರಿಗೆ ಸರಿಹೋಗತ್ತೆ" ಎಂದು ತೀರ್ಪು ಕೊಟ್ಟರು. ಹ್ಯಾರಿ ಪಾಟರ್ ಸಿನಿಮಾದಲ್ಲಿ ಪಾಠದ ಕೋಣೆಯಾಗಿ ಬರುವುದೂ ಇದೇ. ಮಕ್ಕಳಿದ್ದರೆ ಆ ಒಂದು ಮಾತು ಸಾಕು, ಮೊಗಸಾಲೆಯಲ್ಲಿ ಅವರನ್ನು ಹಿಡಿಯುವುದೇ ಕಷ್ಟ.

ಮೇಲಂತಸ್ತಿನ ದಕ್ಷಿಣದ ಗ್ಯಾಲರಿಯಲ್ಲಿ ಹೊರಕ್ಕೆ ಚಾಚಿದ ಒಂದು ಸಣ್ಣ ಕಿಟಕಿ. ಗೊತ್ತಿಲ್ಲದವರು ದಾಟಿಕೊಂಡು ಹೋಗಿಬಿಡುತ್ತಾರೆ. ಈ ಮನೆಯ ಆಗಿನ ಯಜಮಾನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರ ಆಗಸ್ಟ್‌ನಲ್ಲಿ ಪುಟ್ಟ ಮರದ ಪೆಟ್ಟಿಗೆಯೊಂದನ್ನು ಈ ಕಿಟಕಿಗೆ ಎದುರಾಗಿ ಇಟ್ಟ. ಒಳಗಿದ್ದ ರಾಸಾಯನಿಕ ಸವರಿದ ಕಾಗದದ ಮೇಲೆ ಕಿಟಕಿ ಮೂಡಿತು. ಕ್ಯಾಮೆರಾದಲ್ಲಿ ತೆಗೆದ ನೆಗೆಟಿವ್‌ಗಳಲ್ಲಿ ಇವತ್ತಿಗೆ ಉಳಿದಿರುವ ಅತಿ ಹಳೆಯದು ಅದೇ, ಅಂಚೆಚೀಟಿಯಷ್ಟು ಚಿಕ್ಕದು. ಮೊದಲು ತೆಗೆದಾಗ ಭೂತಗನ್ನಡಿ ಹಿಡಿದರೆ ಇನ್ನೂರರಷ್ಟು ಗಾಜಿನ ಚೌಕಗಳನ್ನು ಎಣಿಸಬಹುದಿತ್ತು ಎಂದು ಅವನೇ ಅದರ ಪಕ್ಕದಲ್ಲಿ ಬರೆದಿಟ್ಟಿದ್ದಾನೆ. ಮನೆಯ ಮೂಲೆಮೂಲೆಯಲ್ಲಿ ಇಟ್ಟಿರುತ್ತಿದ್ದ ಆ ಪೆಟ್ಟಿಗೆಗಳನ್ನು ಹೆಂಡತಿ ಕಾನ್‌ಸ್ಟನ್ಸ್ "ಇಲಿ ಬೋನು" ಎಂದು ಕರೆಯುತ್ತಿದ್ದಳಂತೆ. ಮೂಲ ನೆಗೆಟಿವ್ ಈಗ ಬ್ರಾಡ್‌ಫರ್ಡ್‌ನ ವಸ್ತುಸಂಗ್ರಹಾಲಯದಲ್ಲಿದೆ, ಇಲ್ಲಿ ಇರುವುದು ಕಿಟಕಿ. ನನಗೆ ಕಿಟಕಿಯೇ ಹೆಚ್ಚು. ಬೆಳಕು ಅದೇ ಕಡೆಯಿಂದ ಬರುತ್ತದೆ, ಚೌಕಗಳನ್ನು ನೀವೂ ಎಣಿಸಬಹುದು.

ಹಾಸನ ಜಿಲ್ಲೆಯವರಾದ ನಮಗೆ ಇದರಲ್ಲಿ ಇನ್ನೊಂದು ಎಳೆಯಿದೆ. ಟಾಲ್ಬಟ್ ತೋರಿಸಿದ ಕಾಗದದ ನೆಗೆಟಿವ್ ದಾರಿಯಲ್ಲೇ 1854ರ ಡಿಸೆಂಬರ್‌ನಲ್ಲಿ ಲಿನ್ನಿಯಸ್ ಟ್ರೈಪ್ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಮೈಸೂರು ಸೀಮೆಗೆ ಬಂದು ಹಳೇಬೀಡು, ಬೇಲೂರುಗಳ ಗುಡಿಗಳನ್ನು ಚಿತ್ರ ತೆಗೆದ. ಈ ಕಿಟಕಿಯಿಂದ ಹಳೇಬೀಡಿಗೆ ಬರೀ ಹತ್ತೊಂಬತ್ತು ವರ್ಷ. ಅಪ್ಪನಿಗೆ ಇದನ್ನು ಹೇಳಿದ ಮೇಲೆ ನೀರಿನ ವಿಷಯ ಮರೆತುಹೋಯಿತು.

ಲೇಕಾಕ್‌ನ ತೋಟ ಸಾಧಾರಣ, ಅದಕ್ಕಾಗಿಯೇ ಹೋಗಬೇಡಿ. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಮರಗಳ ಕೆಳಗೆ ನೇರಳೆ ಕ್ರೋಕಸ್ ಹಾಸಿದ ಹಾಗೆ ಅರಳುವುದೊಂದು ಬಿಟ್ಟರೆ, ಇಲ್ಲಿ ಅಬ್ಬೆ ಮತ್ತು ಊರೇ ಮುಖ್ಯ. ಕೊನೆಯ ಒಡತಿ ಮಟಿಲ್ಡಾ ಟಾಲ್ಬಟ್ 1944ರಲ್ಲಿ ಅಬ್ಬೆಯ ಜೊತೆ ಹಳ್ಳಿಯನ್ನೂ, ಹಳೆಯ ಮನೆ-ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಕೊಟ್ಟುಬಿಟ್ಟಳು. ಅದಕ್ಕೇ ಬೀದಿಗಳು ಹಳೆಯ ಮುಖದಲ್ಲೇ ಉಳಿದಿವೆ. ಆದರೆ ಆ ಮನೆಗಳಲ್ಲಿ ಜನ ವಾಸವಿದ್ದಾರೆ. ಕಿಟಕಿಗೆ ಮೂಗು ಒತ್ತಿ ಒಳಗೆ ಇಣುಕುವ ನಮ್ಮವರನ್ನು ಕಂಡು ನಾನೇ ನಾಚಿಕೊಂಡದ್ದುಂಟು.

ಮಾಟಿಸ್‌ಫಾಂಟ್: ಜೂನ್‌ನಲ್ಲಾದರೆ ಇದೇ

ಹ್ಯಾಂಪ್‌ಶೈರ್‌ನಲ್ಲಿ ರಾಮ್ಸಿ ಪಟ್ಟಣದ ಹತ್ತಿರವಿರುವ ಮಾಟಿಸ್‌ಫಾಂಟ್ 1201ರಲ್ಲಿ ಶುರುವಾದ ಮಠ. 1536ರಲ್ಲಿ ರಾಜ ಇದನ್ನು ತನ್ನ ಆಸ್ಥಾನದ ವಿಲಿಯಂ ಸ್ಯಾಂಡಿಸ್‌ಗೆ ಕೊಟ್ಟು, ಬದಲಿಗೆ ಅವನಿಂದ ಎರಡು ಹಳ್ಳಿ ಪಡೆದುಕೊಂಡ. ಹಳ್ಳಿಗಳ ಹೆಸರು ಚೆಲ್ಸಿ ಮತ್ತು ಪ್ಯಾಡಿಂಗ್ಟನ್! ಇವತ್ತಿನ ಲಂಡನ್ ರೇಟು ಗೊತ್ತಿದ್ದವರು ಹಣೆ ಚಚ್ಚಿಕೊಳ್ಳಬೇಕು. ಜಯನಗರ, ಕೋರಮಂಗಲ ಎರಡನ್ನೂ ಬರೆದುಕೊಟ್ಟು ಹೊಳೆ ದಂಡೆಯ ಒಂದು ಹಳೇ ಮಠ ತೆಗೆದುಕೊಂಡ ಹಾಗೆ.

ಚರ್ಚಿನೊಳಗೇ ಮನೆ ಹೂಡಿದವನು ಈ ಸ್ಯಾಂಡಿಸ್. ಚರ್ಚಿನ ಉದ್ದನೆಯ ಹಜಾರವೇ ಬಂಗಲೆಯಾಯಿತು, ಮಿಕ್ಕ ಮಠವನ್ನು ಹೆಚ್ಚಾಗಿ ಕೆಡವಿದರು. ಹದಿನೆಂಟನೇ ಶತಮಾನದಲ್ಲಿ ದಕ್ಷಿಣದ ಮುಖವನ್ನು ಇಟ್ಟಿಗೆಯಲ್ಲಿ ತಿದ್ದಿ ಜಂಟಲ್‌ಮನ್ ಬಂಗಲೆ ಮಾಡಿದರು. ಆದ್ದರಿಂದ ಮುಂದಿನಿಂದ ನೋಡಿದವರಿಗೆ ಇದು ಮಠ ಅನ್ನಿಸುವುದೇ ಇಲ್ಲ. ಉತ್ತರದ ಕಡೆ ಸುತ್ತಿ ಬನ್ನಿ, ಚರ್ಚಿನ ಗೋಡೆ, ಅದರ ಆಸರೆ ಕಂಬಗಳು ಹಾಗೇ ನಿಂತಿವೆ. ಒಂದೇ ಕಟ್ಟಡ, ಎರಡು ಮುಖ. ಮಠದ ವಾತಾವರಣವೇ ಬೇಕು ಎಂದು ಹೋದವರಿಗೆ ನಿರಾಸೆಯಾಗುತ್ತದೆ. ಗೋಡೆ ಓದುವ ಚಟವಿದ್ದವರಿಗೆ ಹಬ್ಬ.

ಒಳಗೆ ನೋಡಲೇಬೇಕಾದ್ದು ಒಂದೇ ಕೋಣೆ. 1930ರ ದಶಕದ ಒಡತಿ ಮಾಡ್ ರಸಲ್ ಕಲಾವಿದರ ಪೋಷಕಿ. 1938-39ರಲ್ಲಿ ರೆಕ್ಸ್ ವಿಸ್ಲರ್‌ನನ್ನು ಕರೆಸಿ ದಿವಾನಖಾನೆಗೆ ಬಣ್ಣ ಬಳಿಸಿದಳು. ಗೋಡೆಯ ಮೇಲಿನ ಗಚ್ಚಿನ ಅಲಂಕಾರ, ಕಂಬ, ಕಮಾನು ಎಲ್ಲ ಉಬ್ಬಿದ ಹಾಗೆ ಕಾಣುತ್ತವೆ. ಹತ್ತಿರ ಹೋದರೆ ಎಲ್ಲ ಬರೀ ಬಣ್ಣ, ಗೋಡೆ ಚಪ್ಪಟೆ. ಕೆಲಸ ನಡೆಯುತ್ತಿದ್ದಾಗಲೇ ಯುದ್ಧ ಘೋಷಣೆಯಾಯಿತು. ತಾನು ಪರದೆಗೆ ಬಣ್ಣ ಹಚ್ಚುತ್ತಿದ್ದಾಗ ಬ್ರಿಟನ್ ಯುದ್ಧಕ್ಕಿಳಿಯಿತು ಎಂದು, ಸೆಪ್ಟೆಂಬರ್ 3, ಭಾನುವಾರ ಎಂಬ ತಾರೀಖಿನ ಸಮೇತ, ಕೆಳಗಿನವರ ಕಣ್ಣಿಗೆ ಬೀಳದ ಎತ್ತರದಲ್ಲಿ ಬರೆದಿಟ್ಟ. 1944ರಲ್ಲಿ ನಾರ್ಮಂಡಿಯಲ್ಲಿ ಸತ್ತ. ಅವನು ಮರೆತುಹೋದಂತೆ ಮೇಲೆ ಒಂದು ಬಣ್ಣದ ಡಬ್ಬಿ ಕಾಣುತ್ತದೆ. ಅದೂ ಚಿತ್ರವೇ. ಕೋಣೆಯ ಸ್ವಯಂಸೇವಕರನ್ನು ಕೇಳಿದರೆ ಎಲ್ಲಿ ಅಂತ ಬೆರಳು ಮಾಡಿ ತೋರಿಸುತ್ತಾರೆ.

ಈಗ ಗುಲಾಬಿ. ಹಳೆಯ ತರಕಾರಿ ತೋಟದ ಎತ್ತರದ ಗೋಡೆಗಳ ನಡುವೆ 1970ರ ದಶಕದ ಆರಂಭದಲ್ಲಿ ಗ್ರಹಾಂ ಸ್ಟುವರ್ಟ್ ಥಾಮಸ್ ಎಂಬ ತೋಟಗಾರಿಕೆಯ ಪಂಡಿತ ತನ್ನ ಜೀವಮಾನದ ಗುಲಾಬಿ ಸಂಗ್ರಹವನ್ನು ಇಲ್ಲಿ ನೆಡಿಸಿದ. ಹೆಚ್ಚಿನವು 1900ಕ್ಕಿಂತ ಹಿಂದಿನ ತಳಿಗಳು. ಇವು ನಮ್ಮ ಹೂವಿನಂಗಡಿಯ ಉದ್ದ ಕಾಂಡದ, ವಾಸನೆಯಿಲ್ಲದ ಗುಲಾಬಿಗಳಲ್ಲ. ದಂಡೆಗೆ ಕಟ್ಟುವ ಪನ್ನೀರು ರೋಜಾದ ನೆಂಟರು: ಎಸಳಿನೊಳಗೆ ಎಸಳು, ಮುಟ್ಟಿದರೆ ಉದುರುವಷ್ಟು ಮೆತ್ತಗೆ, ಗೋಡೆಯ ಆಚೆಗೂ ಹರಡುವ ಪರಿಮಳ. ಅಮ್ಮ ಅಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು. "ನಮ್ಮಜ್ಜಿ ಮನೆ ಬಾವಿಕಟ್ಟೆ" ಎಂದಷ್ಟೇ ಹೇಳಿದಳು.

ಆದರೆ ಈ ಹಳೆಯ ತಳಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೇ ಸಲ ಅರಳುವುದು, ಜೂನ್‌ನಲ್ಲಿ. ಒಂದು ವರ್ಷ ನಾನು ಬುದ್ಧಿವಂತಿಕೆ ಮಾಡಿ "ಜುಲೈನಲ್ಲಿ ಜನ ಕಮ್ಮಿ" ಎಂದು ಎರಡು ಸಂಸಾರಗಳನ್ನು ಹೊರಡಿಸಿಕೊಂಡು ಹೋದೆ. ಜನ ನಿಜವಾಗಿಯೂ ಕಮ್ಮಿಯಿದ್ದರು, ಹೂವೂ ಕಮ್ಮಿ. ಹಿರಿಯರೊಬ್ಬರು ಮುದುಡಿದ ಗಿಡದ ಮುಂದೆ ನಿಂತು "ಎಲೆ ಚೆನ್ನಾಗಿದೆ" ಎಂದರು. ಆ ಮಾತು ನಮ್ಮ ಬಳಗದಲ್ಲಿ ಇವತ್ತಿಗೂ ಓಡಾಡುತ್ತಿದೆ. ಜೂನ್‌ನ ಶನಿವಾರ-ಭಾನುವಾರ ಕಾರ್ ಪಾರ್ಕ್ ತುಂಬುತ್ತದೆ ನಿಜ. ವಾರದ ದಿನ ರಜೆ ಹಾಕಿ, ಇಲ್ಲವೇ ಮಧ್ಯಾಹ್ನದ ಗುಂಪು ಕರಗಿದ ಮೇಲೆ ಹೋಗಿ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ.

ಗುಲಾಬಿಯ ಕಾಲ ತಪ್ಪಿದರೂ ಹೊಳೆ ಇದೆ. ಟೆಸ್ಟ್ ಎಂಬ ಈ ಹೊಳೆ ಸುಣ್ಣಕಲ್ಲಿನ ನೆಲದಿಂದ ಒಸರಿ ಬರುವುದರಿಂದ ನೀರು ಕನ್ನಡಿ, ಸೇತುವೆಯ ಮೇಲೆ ನಿಂತರೆ ಟ್ರೌಟ್ ಮೀನು ಬಾಲ ಆಡಿಸುವುದು ಕಾಣುತ್ತದೆ. ದಡದಲ್ಲಿ ಬ್ರಿಟನ್ನಿನ ಅತಿ ದೊಡ್ಡ ಪ್ಲೇನ್ ಮರಗಳಲ್ಲೊಂದಿದೆ. ಊರಿನ ಹೆಸರಿಗೇ ಕಾರಣವಾದ ಚಿಲುಮೆ ಇವತ್ತಿಗೂ ಉಕ್ಕುತ್ತದೆ. ಅಪ್ಪನಿಗೆ ಅಂತೂ ಸ್ವಲ್ಪ ನೀರು ಸಿಕ್ಕಿತು.

ನ್ಯೂಸ್ಟೆಡ್: ಹಾಳು ಇಷ್ಟಪಡುವವರಿಗೆ

ನಾಟಿಂಗ್‌ಹ್ಯಾಮ್‌ನಿಂದ ಉತ್ತರಕ್ಕೆ ಹನ್ನೆರಡು ಮೈಲಿ. ಎರಡನೇ ಹೆನ್ರಿ ಹನ್ನೆರಡನೇ ಶತಮಾನದಲ್ಲಿ ಕಟ್ಟಿಸಿದ ಮಠ. ಲೆಕ್ಕಕ್ಕೆ ಇದು ಅಬ್ಬೆಯೇ ಅಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಪ್ರಯರಿ. 1540ರಲ್ಲಿ ಬೈರನ್ ಮನೆತನಕ್ಕೆ ಬಂತು. ಮಠದ ಕೋಣೆಗಳು ಮನೆಯಾದವು, ಚರ್ಚಿನ ಒಡಲು ಹೋಯಿತು, ಪಶ್ಚಿಮದ ಮುಂಗೋಡೆ ಮಾತ್ರ ಬಂಗಲೆಗೆ ಅಂಟಿಕೊಂಡು ನಿಂತಿತು. ದೊಡ್ಡ ಕಿಟಕಿಯ ಚೌಕಟ್ಟಿದೆ, ಗಾಜಿಲ್ಲ. ಬಾಗಿಲಿದೆ, ಅದರ ಹಿಂದೆ ಹುಲ್ಲು. ಮೊದಲ ನೋಟಕ್ಕೆ ಈ ಐದರಲ್ಲಿ ಎದೆಗೆ ತಟ್ಟುವುದು ಇದೇ. ಹಂಪಿಯಲ್ಲಿ ಸಂಜೆ ಕಳೆದವರಿಗೆ ಈ ಭಾವ ಹೊಸದಲ್ಲ.

ಕವಿ ಬೈರನ್‌ಗೆ ಹತ್ತು ವರ್ಷವಿದ್ದಾಗ, 1798ರಲ್ಲಿ, ದೊಡ್ಡಜ್ಜನಿಂದ ಇದು ಬಂತು. ಆ ದೊಡ್ಡಜ್ಜ ಪಕ್ಕದ ಜಮೀನ್ದಾರನನ್ನು ಕತ್ತಿಕಾಳಗದಲ್ಲಿ ಕೊಂದವನು, ಕೆರೆಯಲ್ಲಿ ಆಟಿಕೆಯ ನೌಕಾಯುದ್ಧ ಆಡಿಸಿದವನು. ಬಂದದ್ದು ಸೋರುವ ಚಾವಣಿ ಮತ್ತು ಸಾಲ. ಕವಿ ಅದರಲ್ಲೇ ಗೆಳೆಯರನ್ನು ಸೇರಿಸಿ, ಸನ್ಯಾಸಿ ವೇಷ ಹಾಕಿಸಿ, ತೋಟದಲ್ಲಿ ಸಿಕ್ಕ ತಲೆಬುರುಡೆಗೆ ಬೆಳ್ಳಿ ಕಟ್ಟಿಸಿ ಅದರಲ್ಲಿ ದ್ರಾಕ್ಷಾರಸ ಕುಡಿದ. ತನ್ನ ನ್ಯೂಫೌಂಡ್‌ಲ್ಯಾಂಡ್ ನಾಯಿ ಬೋಟ್ಸ್‌ವೇನ್ 1808ರಲ್ಲಿ ಹುಚ್ಚು ಹಿಡಿದು ಸತ್ತಾಗ, ಹಾಳು ಚರ್ಚಿನ ಬಲಿಪೀಠವಿದ್ದಿರಬೇಕು ಎಂದುಕೊಂಡ ಜಾಗದಲ್ಲಿ ಅದಕ್ಕೆ ಅಮೃತಶಿಲೆಯ ಸಮಾಧಿ ಕಟ್ಟಿಸಿದ. ತನ್ನನ್ನೂ ಅಲ್ಲೇ ಮಣ್ಣು ಮಾಡಬೇಕೆಂದು ಉಯಿಲಿನಲ್ಲಿ ಬರೆದ. ಕೊನೆಗೆ ಸಾಲ ತೀರಿಸಲು 94,500 ಪೌಂಡಿಗೆ ಎಲ್ಲ ಮಾರಬೇಕಾಯಿತು. ಗ್ರೀಸ್‌ನಲ್ಲಿ ಸತ್ತ ಕವಿ ಹತ್ತಿರದ ಹಕ್‌ನಾಲ್ ಚರ್ಚಿನಲ್ಲಿ ಮಲಗಿದ್ದಾನೆ. ನಾಯಿಗೆ ಮಾತ್ರ ಬಂಗಲೆಯ ಜಾಗ ಸಿಕ್ಕಿತು.

ತೋಟ ದೊಡ್ಡದು, 300 ಎಕರೆಯ ಪಾರ್ಕು, ಕೆರೆಗಳು, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಎಥೆಲ್ ವೆಬ್ ಮಾಡಿಸಿದ ಜಪಾನಿ ತೋಟ. ಮಾಟಿಸ್‌ಫಾಂಟ್‌ನಷ್ಟು ಒಪ್ಪ ಓರಣ ಇಲ್ಲಿಲ್ಲ, ಅಲ್ಲಲ್ಲಿ ಪಾಚಿ, ಅಲ್ಲಲ್ಲಿ ಒರಟು. ನನಗೆ ಅದೇ ಹಿಡಿಸುತ್ತದೆ. ನವಿಲು ಕಂಡರೆ ಆಶ್ಚರ್ಯಪಡಬೇಡಿ. ಇದು ನಾಟಿಂಗ್‌ಹ್ಯಾಮ್ ನಗರಸಭೆಯ ಆಸ್ತಿ, ನ್ಯಾಷನಲ್ ಟ್ರಸ್ಟ್ ಸದಸ್ಯತ್ವದ ಕಾರ್ಡು ಇಲ್ಲಿ ನಡೆಯುವುದಿಲ್ಲ. ಮುಖ್ಯರಸ್ತೆಯ ಗೇಟಿನಿಂದ ಮನೆಗೆ ಹೆಚ್ಚುಕಡಿಮೆ ಒಂದು ಮೈಲಿ. ಬಸ್ಸು ಗೇಟಿನವರೆಗೆ ಮಾತ್ರ. ಮಂಡಿನೋವಿನ ಹಿರಿಯರಿದ್ದರೆ ಕಾರೇ ಬೇಕು.

ಫೋರ್ಡ್ ಅಬ್ಬೆ: ಕಾರಿದ್ದರೆ, ಪುರುಸೊತ್ತಿದ್ದರೆ

ಡಾರ್ಸೆಟ್-ಸಾಮರ್ಸೆಟ್ ಗಡಿಯ ಫೋರ್ಡ್‌ಗೂ ಕಾರಿನ ಕಂಪನಿಗೂ ಸಂಬಂಧವಿಲ್ಲ. ಆದರೆ ಕಾರಿಲ್ಲದೆ ತಲುಪುವುದು ಕಷ್ಟ. ರೈಲಿನಲ್ಲಿ ಕ್ರೂಕರ್ನ್ ಅಥವಾ ಆಕ್ಸ್‌ಮಿನ್‌ಸ್ಟರ್‌ಗೆ ಹೋಗಿ ಟ್ಯಾಕ್ಸಿ ಹಿಡಿಯಬೇಕು. ಡೆವನ್‌ನ ಬರಡು ನೆಲದಲ್ಲಿ ಮಠ ಕಟ್ಟಲು ಸೋತು ಕಾಲ್ನಡಿಗೆಯಲ್ಲಿ ತವರು ಮಠಕ್ಕೆ ಹೊರಟಿದ್ದ ಸಿಸ್ಟರ್ಸಿಯನ್ ಸನ್ಯಾಸಿಗಳನ್ನು ದಾರಿಯಲ್ಲಿ ಒಬ್ಬ ಸಿರಿವಂತೆ ತಡೆದು ಜಾಗ ಕೊಟ್ಟಳಂತೆ. 1141ರಲ್ಲಿ ಅವರು ಇಲ್ಲಿ ನೆಲೆಯೂರಿದರು. ಕೊನೆಯ ಮಠಾಧೀಶ ಥಾಮಸ್ ಚಾರ್ಡ್ ಮುಚ್ಚುವ ಹತ್ತು ವರ್ಷ ಮೊದಲಷ್ಟೇ ಗೋಪುರ, ಹಜಾರ ಎಲ್ಲ ಭರ್ಜರಿಯಾಗಿ ಕಟ್ಟಿಸಿದ್ದ. 1539ರಲ್ಲಿ ತಕರಾರಿಲ್ಲದೆ ಕೀಲಿಕೈ ಕೊಟ್ಟು, ಪಕ್ಕದ ಊರಿನ ಪಾದ್ರಿಯಾಗಿ ಹೋದ. ಜಾಣ.

ಇಲ್ಲಿ ಚರ್ಚು ನಾಮಾವಶೇಷ. ಆದರೆ ಮಠಾಧೀಶನ ಹಜಾರ, ಗೋಪುರ ಉಳಿದವು, ಸನ್ಯಾಸಿಗಳು ದಿನವೂ ಸಭೆ ಸೇರುತ್ತಿದ್ದ ಕೋಣೆ ಮನೆಯವರ ಪ್ರಾರ್ಥನಾ ಮಂದಿರವಾಯಿತು. 1649ರಲ್ಲಿ ಕ್ರಾಮ್‌ವೆಲ್ ಕಡೆಯ ಅಟಾರ್ನಿ ಜನರಲ್ ಎಡ್ಮಂಡ್ ಪ್ರೀಡೋ ಕೊಂಡು, ಚಾವಣಿಗಳಿಗೆ ಗಾರೆಯ ಅಲಂಕಾರ ಮಾಡಿಸಿದ.

1814ರಿಂದ ಕೆಲವು ವರ್ಷ ಇದನ್ನು ಬಾಡಿಗೆಗೆ ಹಿಡಿದಿದ್ದವನು ತತ್ತ್ವಜ್ಞಾನಿ ಜೆರೆಮಿ ಬೆಂಥಮ್. ಅವನ ಜೊತೆ ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದವನು ಜೇಮ್ಸ್ ಮಿಲ್, ಸಂಸಾರ ಸಮೇತ. ಆ ವರ್ಷಗಳಲ್ಲಿ ಮಿಲ್ ತನ್ನ ಬ್ರಿಟಿಷ್ ಇಂಡಿಯಾದ ಇತಿಹಾಸವನ್ನು ಮುಗಿಸುತ್ತಿದ್ದ. ಭಾರತಕ್ಕೆ ಒಮ್ಮೆಯೂ ಕಾಲಿಡದೆ, ಅಲ್ಲಿಯ ಒಂದು ಭಾಷೆಯನ್ನೂ ಕಲಿಯದೆ ಬರೆದ ಆ ಸಂಪುಟಗಳಲ್ಲಿ ಹೈದರ್, ಟಿಪ್ಪು ಎಲ್ಲ ಬರುತ್ತಾರೆ, ಕಂಪನಿಯ ಅಧಿಕಾರಿಗಳು ಅದನ್ನೇ ಓದಿಕೊಂಡು ನಮ್ಮ ಕಡೆ ಬಂದರು. ಈ ಹುಲ್ಲುಹಾಸಿನ ಮೇಲೆ ನಿಂತು ಶ್ರೀರಂಗಪಟ್ಟಣದ ಬಗ್ಗೆ ತೀರ್ಪು ಕೊಡುವುದು ಎಷ್ಟು ಸಲೀಸಿರಬೇಕು ಎಂದು ನಾನು ಪ್ರತಿ ಸಲ ಯೋಚಿಸುತ್ತೇನೆ. ಮಗ ಜಾನ್ ಸ್ಟುವರ್ಟ್‌ಗೆ ಆಗ ಎಂಟು ವರ್ಷ. ಈ ವಿಶಾಲ ಕೋಣೆಗಳು ಮನಸ್ಸನ್ನು ಹಿಗ್ಗಿಸಿದವು ಎಂದು ಅವನು ದೊಡ್ಡವನಾದ ಮೇಲೆ ನೆನೆದ.

ತೋಟ 30 ಎಕರೆ: ಕೊಳಗಳ ಸರಣಿ, ಫೆಬ್ರವರಿ-ಮಾರ್ಚ್‌ನಲ್ಲಿ ಕ್ರೋಕಸ್, ವಸಂತದಲ್ಲಿ ಟ್ಯುಲಿಪ್, ಬಳಕೆಯಲ್ಲೇ ಇರುವ ತರಕಾರಿ ತೋಟ. ಜೊತೆಗೆ 160 ಅಡಿ ಚಿಮ್ಮುವ ಕಾರಂಜಿ, ಯಂತ್ರದಿಂದ ನಡೆಯುವವುಗಳಲ್ಲಿ ಇಂಗ್ಲೆಂಡಿಗೇ ಎತ್ತರದ್ದು. ದಿನವಿಡೀ ಹಾರುವುದಿಲ್ಲ, ನಿಗದಿತ ಹೊತ್ತಿಗೆ ಮಾತ್ರ. ಗೇಟಿನಲ್ಲೇ ವೇಳೆ ಕೇಳಿಕೊಳ್ಳಿ. ಗಾಳಿ ಬೀಸಿ ತುಂತುರು ಮುಖಕ್ಕೆ ಬಂದಾಗ ಅಪ್ಪ ಛತ್ರಿಯನ್ನೂ ಬಿಚ್ಚದೆ "ಹ್ಞಾ, ಇದು ಅಬ್ಬಿ" ಎಂದರು. ಇದು ಖಾಸಗಿ ಕುಟುಂಬದ ಮನೆ. ತೋಟ ಸಿಕ್ಕಷ್ಟು ಸುಲಭವಾಗಿ ಒಳಗಿನ ಕೋಣೆಗಳು ಸಿಗುವುದಿಲ್ಲ. ಮನೆಯನ್ನೂ ನೋಡಲೇಬೇಕೆಂದರೆ ಹೊರಡುವ ಮೊದಲು ದಿನ ಖಾತ್ರಿ ಮಾಡಿಕೊಳ್ಳಿ.

ಜನವರಿ-ಫೆಬ್ರವರಿಯಲ್ಲಿ?

ಆಗ ಕೇಂಬ್ರಿಡ್ಜ್ ಹತ್ತಿರದ ಆಂಗಲ್ಸಿ ಅಬ್ಬೆ. ಮಠದ್ದು ಅಂತ ಉಳಿದಿರುವುದು ಸ್ವಲ್ಪ, ಸನ್ಯಾಸಿಗಳು ಕೂತು ಮಾತಾಡುತ್ತಿದ್ದ ಕಮಾನು ಚಾವಣಿಯ ಕೋಣೆ ಈಗ ಊಟದ ಕೋಣೆ. 1926ರಲ್ಲಿ ಇದನ್ನು ಕೊಂಡ ಲಾರ್ಡ್ ಫೇರ್‌ಹೇವನ್ ಅಮೆರಿಕದ ಎಣ್ಣೆ ದುಡ್ಡಿನ ವಾರಸುದಾರ. ಹಣವನ್ನು ತೋಟಕ್ಕೆ ಸುರಿದ. ಚಳಿಗಾಲದ ದಾರಿಯಲ್ಲಿ ಕೆಂಪು, ಹಳದಿ ಕಡ್ಡಿಗಳ ಪೊದೆಗಳು ಮುಗಿದು ತಿರುವಿನಲ್ಲಿ ಹಿಮಾಲಯದ ಬರ್ಚ್ ಮರಗಳ ತೋಪು ಎದುರಾಗುತ್ತದೆ. ಕಾಂಡಗಳು ಸುಣ್ಣ ಹೊಡೆದ ಹಾಗೆ ಬೆಳ್ಳಗೆ. ನೆಲದಲ್ಲಿ ಸ್ನೋಡ್ರಾಪ್ ಹೂವು, ನೂರಾರು ಬಗೆ. ನನಗೆ ಅವೆಲ್ಲ ಒಂದೇ ಥರ ಕಾಣುತ್ತವೆ, ಬಗ್ಗಿ ಬಗ್ಗಿ ನೋಡುವ ಪರಿಣತರನ್ನು ನೋಡುವುದೇ ಒಂದು ತಮಾಷೆ. ಹದಿನೇಳನೇ ಶತಮಾನದಲ್ಲಿ ಇದು ಥಾಮಸ್ ಹಾಬ್ಸನ್ ಕೈಯಲ್ಲಿತ್ತು. ಕೇಂಬ್ರಿಡ್ಜ್‌ನಲ್ಲಿ ಕುದುರೆ ಬಾಡಿಗೆಗೆ ಕೊಡುತ್ತಿದ್ದವನು. ಯಾರೇ ಬರಲಿ, ಬಾಗಿಲ ಹತ್ತಿರದ ಕುದುರೆಯನ್ನೇ ತೆಗೆದುಕೊಳ್ಳಬೇಕು, ಇಲ್ಲವೇ ನಡೆದು ಹೋಗಬೇಕು ಅನ್ನುತ್ತಿದ್ದನಂತೆ. ಇಷ್ಟುದ್ದ ಆಯ್ಕೆಯ ಪಟ್ಟಿ ಬರೆಯುತ್ತಿರುವ ನನ್ನನ್ನು ಕಂಡರೆ ನಗುತ್ತಿದ್ದ.

ಹಾಗಾದರೆ ಯಾವುದು?

ಇಡೀ ಇಂಗ್ಲೆಂಡ್ ಪ್ರವಾಸದಲ್ಲಿ ಒಂದೇ ಅಬ್ಬೆಗೆ ಸಮಯವಿದ್ದರೆ ಲೇಕಾಕ್, ಎರಡನೇ ಯೋಚನೆ ಬೇಡ. ಮಠ, ಮನೆ, ಫೋಟೋ ಚರಿತ್ರೆ, ಹಳ್ಳಿ, ನಾಲ್ಕೂ ಒಂದೇ ದಿನಕ್ಕೆ. ಲಂಡನ್ನಿಂದ ರೈಲು ನೇರ ಚಿಪ್ಪನಮ್‌ಗೆ, ಅಲ್ಲಿಂದ ಬಸ್ಸು. ಬಾತ್ ನಗರ ಅದೇ ಹಳಿಯ ಮೇಲೆ ಮುಂದಿನ ಊರು. ಎರಡನ್ನೂ ಒಂದೇ ದಿನ ಮುಗಿಸುತ್ತೇನೆ ಅನ್ನುವವರಿಗೆ ಕೈಮುಗಿಯುತ್ತೇನೆ, ಎರಡು ದಿನ ಇಟ್ಟುಕೊಳ್ಳಿ. ಜೂನ್ ಮೊದಲ ಮೂರು ವಾರದಲ್ಲಿ ಬಂದಿದ್ದರೆ ಮಾತ್ರ ನನ್ನ ಮಾತು ಮಾಟಿಸ್‌ಫಾಂಟ್ ಕಡೆ ವಾಲುತ್ತದೆ, ಅದರಲ್ಲೂ ಅಮ್ಮಂದಿರು ಜೊತೆಗಿದ್ದರೆ. ಹೊಳೆ ಪಕ್ಕದ ನೆಲ ಸಮತಟ್ಟು, ಕೂರಲು ಬೆಂಚುಗಳಿವೆ. ಮಾಟಿಸ್‌ಫಾಂಟ್-ಡನ್‌ಬ್ರಿಜ್ ಸ್ಟೇಷನ್ನಿನಿಂದ ಅರ್ಧ ಗಂಟೆಯ ನಡಿಗೆ. ಸಾಹಿತ್ಯ ಓದಿದ ಗೆಳೆಯರಿಗೆ, ಮಳೆಗಾಲದ ಮೂಡಿನವರಿಗೆ ನ್ಯೂಸ್ಟೆಡ್, ಅದೂ ಅಕ್ಟೋಬರ್‌ನಲ್ಲಿ, ಎಲೆ ಉದುರುವಾಗ. ಡೆವನ್, ಕಾರ್ನ್‌ವಾಲ್ ಕಡೆ ಕಾರಿನಲ್ಲಿ ಹೊರಟವರಿಗೆ ಫೋರ್ಡ್ ದಾರಿಯಲ್ಲೇ ಬರುತ್ತದೆ, ಬೇಕೆಂದೇ ಅಷ್ಟು ದೂರ ಹೋಗಬೇಕಾಗಿಲ್ಲ. ಕೇಂಬ್ರಿಡ್ಜ್‌ನಲ್ಲಿ ಓದುವ ಮಕ್ಕಳನ್ನು ನೋಡಲು ಚಳಿಯಲ್ಲಿ ಬಂದವರಿಗೆ ಆಂಗಲ್ಸಿ.

ಇಲ್ಲೇ ವಾಸವಿರುವವರು ಲೇಕಾಕ್, ಮಾಟಿಸ್‌ಫಾಂಟ್, ಆಂಗಲ್ಸಿ ಮೂರೂ ನ್ಯಾಷನಲ್ ಟ್ರಸ್ಟ್‌ನವು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಸಂಸಾರ ಸಮೇತ ವರ್ಷಕ್ಕೆ ನಾಲ್ಕೈದು ಕಡೆ ಹೋಗುವುದಾದರೆ ಬಿಡಿ ಟಿಕೆಟ್‌ಗಿಂತ ಸದಸ್ಯತ್ವವೇ ಗಿಟ್ಟುತ್ತದೆ.

ಇನ್ನು ಬುತ್ತಿ. ತೋಟದಲ್ಲಿ ಕೂತು ತಿನ್ನಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಒಳಗಿನ ಕೆಫೆಯಲ್ಲಿ ಸಸ್ಯಾಹಾರ ಅಂದರೆ ಸೂಪು, ಸ್ಯಾಂಡ್‌ವಿಚ್, ಸ್ಕೋನು. ಒಂದು ದಿನಕ್ಕೆ ಚೆನ್ನ, ಎರಡನೇ ದಿನ ಅಪ್ಪ ಚಿತ್ರಾನ್ನ ಕೇಳುತ್ತಾರೆ. ಮನೆಯೊಳಗೆ ಹೋಗುವಾಗ ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳಲು ಹೇಳುತ್ತಾರೆ, ಬೇಸರಿಸಬೇಡಿ, ಹಿಂದೆ ಪಿಂಗಾಣಿ ಇರುತ್ತದೆ, ನಿಮ್ಮ ಬೆನ್ನಿಗೆ ಕಣ್ಣಿಲ್ಲ. ತೋಟದ ಹೊತ್ತೇ ಬೇರೆ, ಮನೆಯ ಹೊತ್ತೇ ಬೇರೆ. ಮನೆಗೆ ಕೊನೆಯ ಪ್ರವೇಶ ಮುಚ್ಚುವುದಕ್ಕೆ ಎಷ್ಟೋ ಮುಂಚೆ, ಚಳಿಗಾಲದಲ್ಲಿ ಕೆಲವು ದಿನ ಮನೆಯೇ ತೆರೆಯದು. ಒಂದು ಕಡೆ ನಾನೇ ಇದನ್ನು ನೋಡಿಕೊಳ್ಳದೆ ಎರಡೂವರೆ ಗಂಟೆ ಕಾರು ಓಡಿಸಿ, ಮುಚ್ಚಿದ ಬಾಗಿಲ ಮುಂದೆ ಫೋಟೋ ತೆಗೆಸಿಕೊಂಡು ಬಂದಿದ್ದೇನೆ. ಆದ್ದರಿಂದ ತಲುಪಿದ ಕೂಡಲೇ ಮೊದಲು ಮನೆ, ಆಮೇಲೆ ಬುತ್ತಿ, ತೋಟ ಕೊನೆಗೆ. ಬಸ್ಸಿನಲ್ಲಿ ಬಂದವರು ಇಳಿಯುವಾಗಲೇ ಡ್ರೈವರ್‌ನ ಹತ್ತಿರ ವಾಪಸ್ ಹೋಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿಟ್ಟುಕೊಳ್ಳಿ. ಭಾನುವಾರವಾದರೆ ಎರಡು ಸಲ ಕೇಳಿ.